ಅಂಗೈಯಗಲದ ಚಿತ್ರ, ಹೆಬ್ಬೆರಳೆತ್ತರದ ಶಿಲ್ಪ: ಜ್ಯಾಮಿತೀಯ ಜಲವರ್ಣ ಮತ್ತು ಕಿರುಶಿಲ್ಪ ರಚನೆಗೆ ಒಂದು ಮಾರ್ಗದರ್ಶಿ

ಹತ್ತು ಸೆಂಟಿಮೀಟರ್ ಅಗಲದ ಕಾಗದದ ಮೇಲೆ ಒಂದು ಗೆರೆ ಅರ್ಧ ಮಿಲಿಮೀಟರ್ ಅತ್ತಿತ್ತ ಸರಿದರೆ, ಅದು ಒಂದು ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಅರ್ಧ ಸೆಂಟಿಮೀಟರ್ ಸರಿದದ್ದಕ್ಕೆ ಸಮ. ಸಣ್ಣ ಅಳತೆಯಲ್ಲಿ ಜ್ಯಾಮಿತೀಯ ಚಿತ್ರಗಳನ್ನೂ ಶಿಲ್ಪಗಳನ್ನೂ ಮಾಡಹೊರಟವರು ಮೊದಲು ಮನಗಾಣಬೇಕಾದ ಲೆಕ್ಕ ಇದೇ. ದೊಡ್ಡ ಚಿತ್ರವನ್ನು ಕುಗ್ಗಿಸಿದ ಮಾತ್ರಕ್ಕೆ ಸಣ್ಣ ಚಿತ್ರವಾಗುವುದಿಲ್ಲ. ಏಕೆಂದರೆ ಕಾಗದದ ತರಿ, ನೀರಿನ ಹನಿ, ಪೆನ್ಸಿಲ್ ಗೆರೆಯ ದಪ್ಪ, ಮರದ ಎಳೆ ಇವು ಯಾವುವೂ ಚಿತ್ರದೊಂದಿಗೆ ತಾವೂ ಕುಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಪ್ರತಿ ಹೆಜ್ಜೆಯಲ್ಲೂ ಅಂಚಿನ ಮತ್ತು ಎರಡು ಆಕಾರಗಳ ನಡುವಿನ ತೆರವಿನ ವಿಚಾರವೇ ಮತ್ತೆ ಮತ್ತೆ ಬರುತ್ತದೆ.

ನಾವು ಇಟ್ಟುಕೊಳ್ಳುವ ಗುರಿ ಇಷ್ಟು: 10 ಸೆಂ.ಮೀ. ಚೌಕದ ನಾಲ್ಕು ಜಲವರ್ಣ ಚಿತ್ರಗಳು ಮತ್ತು ಅವುಗಳಲ್ಲಿ ಒಂದರಿಂದ ಹುಟ್ಟುವ, 5 ಸೆಂ.ಮೀ. ಮೀರದ ಒಂದು ಶಿಲ್ಪ. ಚಿತ್ರ ಮತ್ತು ಶಿಲ್ಪ ಎರಡನ್ನೂ ಒಬ್ಬರೇ ಮಾಡುವುದು ಹೊಸದೇನಲ್ಲ. ಸ್ವಿಸ್ ಕಲಾವಿದೆ ಸೋಫೀ ಟಾಯ್ಬರ್-ಆರ್ಪ್ (1889–1943) ಚೌಕ ಮತ್ತು ವೃತ್ತಗಳ ಗೌಷ್ (ಅಪಾರದರ್ಶಕ ಜಲವರ್ಣ) ಚಿತ್ರಗಳನ್ನು ರಚಿಸುತ್ತಿದ್ದ ಕೈಯಿಂದಲೇ ಲೇತಿನಲ್ಲಿ ತಿರುಗಿಸಿದ ಮರದ ವಸ್ತುಗಳನ್ನೂ ರೂಪಿಸಿದರು. ಅಂದ ಹಾಗೆ, ಮಿನಿಯೇಚರ್ ಎಂಬ ಪದಕ್ಕೂ ಸಣ್ಣದು ಎಂಬ ಅರ್ಥಕ್ಕೂ ಮೂಲದಲ್ಲಿ ಸಂಬಂಧವಿರಲಿಲ್ಲ. ಹಸ್ತಪ್ರತಿಗಳನ್ನು ಅಲಂಕರಿಸಲು ಬಳಸುತ್ತಿದ್ದ, ಸೀಸದಿಂದ ಮಾಡಿದ ಕಿತ್ತಳೆಗೆಂಪು ಬಣ್ಣಕ್ಕೆ ಲ್ಯಾಟಿನ್ನಿನಲ್ಲಿ ಮಿನಿಯಂ ಎನ್ನುತ್ತಿದ್ದರು. ಆ ಪದವೇ ಕಾಲಕ್ರಮದಲ್ಲಿ ಗಾತ್ರವನ್ನು ಸೂಚಿಸತೊಡಗಿತು.

ಮೊದಲ ಹೆಜ್ಜೆ: ಕಾಗದ, ಬಣ್ಣ, ಕುಂಚ

ಜಲವರ್ಣದ ಕಾಗದ ಸಾಮಾನ್ಯವಾಗಿ ಮೂರು ಬಗೆಯ ಮೇಲ್ಮೈಗಳಲ್ಲಿ ದೊರೆಯುತ್ತದೆ: ನುಣುಪಾದ ಹಾಟ್ ಪ್ರೆಸ್, ನಸು ತರಿಯಿರುವ ಕೋಲ್ಡ್ ಪ್ರೆಸ್, ಒರಟಾದ ರಫ್. ಭೂದೃಶ್ಯ ಬರೆಯುವವರಿಗೆ ಪ್ರಿಯವಾದ ರಫ್ ಕಾಗದ ನಮಗೆ ಸಲ್ಲದು. ಅದರ ತಗ್ಗುದಿಣ್ಣೆಗಳು ಒಂದು ಸೆಂಟಿಮೀಟರಿನ ತ್ರಿಭುಜದ ಅಂಚನ್ನು ಹಲ್ಲುಹಲ್ಲಾಗಿ ಒಡೆದುಬಿಡುತ್ತವೆ. ಹಾಟ್ ಪ್ರೆಸ್ಸಿನಲ್ಲಿ ಅಂಚು ಬ್ಲೇಡಿನಿಂದ ಕತ್ತರಿಸಿದಂತೆ ಬರುತ್ತದೆ, ಆದರೆ ಬಣ್ಣ ಜಾರುತ್ತದೆ ಮತ್ತು ಸಮತಟ್ಟಾದ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಪದರ) ಹಾಕಲು ಹೆಚ್ಚು ಅಭ್ಯಾಸ ಬೇಕಾಗುತ್ತದೆ. ಹೊಸಬರು ತೆಳುತರಿಯ ಕೋಲ್ಡ್ ಪ್ರೆಸ್ಸಿನಿಂದ ಆರಂಭಿಸಿ, ಕೈ ಪಳಗಿದ ಮೇಲೆ ಹಾಟ್ ಪ್ರೆಸ್ಸಿಗೆ ಹೋಗುವುದು ಲೇಸು. ಯಾವುದೇ ಇರಲಿ, ಅದು ನೂರಕ್ಕೆ ನೂರು ಹತ್ತಿಯದಾಗಿರಲಿ, ತೂಕ ಚದರ ಮೀಟರಿಗೆ 300 ಗ್ರಾಂಗೆ, ಅಂದರೆ 300 ಜಿಎಸ್‌ಎಂಗೆ ಕಡಿಮೆಯಿಲ್ಲದಿರಲಿ. ಈ ತೂಕದ ಕಾಗದವನ್ನು 10 ಸೆಂ.ಮೀ. ಅಳತೆಯಲ್ಲಿ ಬಳಸುವಾಗ, ನೆನೆಸಿ ಹಲಗೆಗೆ ಬಿಗಿಯುವ ಗೊಡವೆ ಇರುವುದಿಲ್ಲ. ನಾಲ್ಕೂ ಬದಿಯನ್ನು ಟೇಪಿನಿಂದ ಹಲಗೆಗೆ ಅಂಟಿಸಿದರೆ ಸಾಕು.

ಬಣ್ಣಗಳು ಮೂರಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಸಣ್ಣ ಚಿತ್ರದಲ್ಲಿ ಹನ್ನೆರಡು ಬಣ್ಣಗಳು ಜಗಳವಾಡುತ್ತವೆ. ಮೂರನ್ನೇ ಬೆರೆಸಿ ಮಾಡಿದ ಹನ್ನೆರಡು ಛಾಯೆಗಳು ಒಂದೇ ಮನೆಯವರಂತೆ ಹೊಂದಿಕೊಂಡಿರುತ್ತವೆ. ಟ್ಯೂಬಿನ ಮೇಲಿನ ಆಕರ್ಷಕ ಹೆಸರನ್ನು ನೋಡದೆ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಪಿಗ್ಮೆಂಟ್ (ಬಣ್ಣದ ಪುಡಿ) ಸಂಕೇತವನ್ನು ಓದುವ ರೂಢಿ ಮಾಡಿಕೊಳ್ಳಿ. ಪಿಬಿ 29 ಎಂದರೆ ಅಲ್ಟ್ರಾಮರೀನ್. ಅದರ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಮರಳಿನಂಥ ಮೇಲ್ಮೈ ಕೊಡುತ್ತವೆ. ಪಿಬಿ 15 ಎಂದರೆ ಥ್ಯಾಲೋ ನೀಲಿ. ಅದು ಗಾಜಿನಂತೆ ನಯವಾಗಿ ಹರಡುತ್ತದೆ, ಆದರೆ ಒಮ್ಮೆ ಕಾಗದಕ್ಕೆ ಹಿಡಿದರೆ ಮತ್ತೆ ಎತ್ತಲು ಬಾರದು. ಪಿವಿ 19 ಎಂಬ ಕ್ವಿನಾಕ್ರಿಡೋನ್ ಗುಲಾಬಿ ಮತ್ತು ಪಿವೈ 150 ಎಂಬ ಪಾರದರ್ಶಕ ಹಳದಿ ಇವೆರಡನ್ನು ಥ್ಯಾಲೋ ನೀಲಿಯೊಂದಿಗೆ ಇಟ್ಟುಕೊಂಡರೆ, ಪದರದ ಮೇಲೆ ಪದರ ಹಾಕಿದರೂ ಬಣ್ಣ ಮಂಕಾಗುವುದಿಲ್ಲ. ಪಿಆರ್ 83 ಎಂಬ ಅಲಿಝರಿನ್ ಕ್ರಿಮ್‌ಸನ್ ಮಾತ್ರ ಬೇಡ. ನನ್ನ ಮೊದಲ ಸರಣಿಯ ಆರು ಚಿತ್ರಗಳಲ್ಲಿ ಅದನ್ನು ಬಳಸಿ, ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ್ದೆ; ಚೌಕಗಳ ಕೆಂಪು ಎಷ್ಟು ಮಾಸಿತೆಂದರೆ, ಚೌಕಟ್ಟಿನ ಅಂಚಿನಡಿ ಅಡಗಿದ್ದ ಸಣ್ಣ ಪಟ್ಟಿಯನ್ನು ನೋಡಿಯೇ ಮೂಲ ಬಣ್ಣವನ್ನು ನೆನಪಿಸಿಕೊಳ್ಳಬೇಕಾಯಿತು. ಬೆಳಕಿಗೆ ಬಾಳುವ ಗುಣವನ್ನು ಸೂಚಿಸುವ ಎಎಸ್‌ಟಿಎಂ ಶ್ರೇಣಿಯಲ್ಲಿ ಒಂದು ಅಥವಾ ಎರಡನೆಯ ದರ್ಜೆ ಪಡೆದ ಬಣ್ಣಗಳನ್ನೇ ಆರಿಸಿಕೊಳ್ಳಿ.

ಕುಂಚದ ವಿಷಯದಲ್ಲಿ ಬಹುತೇಕ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಚಿತ್ರ ಸಣ್ಣದೆಂದು ಮೂರು ಸೊನ್ನೆಯ, ಅಂದರೆ ಅತಿ ಸಣ್ಣ ಕುಂಚವನ್ನು ತರುತ್ತಾರೆ. ಅದರ ಹೊಟ್ಟೆಯಲ್ಲಿ ಹಿಡಿಯುವ ನೀರು ಒಂದು ಚೌಕದ ಅರ್ಧಕ್ಕೂ ಸಾಲದೆ, ಎರಡನೆಯ ಸಲ ಅದ್ದಿ ತರುವಷ್ಟರಲ್ಲಿ ಮೊದಲ ಅರ್ಧ ಒಣಗಿ ನಡುವೆ ಗೆರೆ ಬೀಳುತ್ತದೆ. ಮೊನೆ ಚೂಪಾಗಿ ಕೂಡುವ 5 ಅಥವಾ 6ನೆಯ ಸಂಖ್ಯೆಯ ದುಂಡು ಕುಂಚವೊಂದು, 6 ಮಿ.ಮೀ. ಅಗಲದ ಚಪ್ಪಟೆ ಕುಂಚವೊಂದು ಇರಲಿ. ಅಂಚನ್ನು ಎಳೆಯುವುದು ಮೊನೆಯೇ ಹೊರತು ಕುಂಚದ ಗಾತ್ರವಲ್ಲ.

ಎರಡನೆಯ ಹೆಜ್ಜೆ: ಗೆರೆ ಹಾಕುವುದು

ಎಚ್ ಪೆನ್ಸಿಲ್, ಸ್ಟೀಲ್ ಸ್ಕೇಲು, ಮೂಲೆಮಟ್ಟ, ಕೈವಾರ ಇವಿಷ್ಟು ಸಾಕು. 2ಎಚ್‌ಗಿಂತ ಗಟ್ಟಿಯಾದ ಸೀಸ ಕಾಗದದಲ್ಲಿ ಕಾಲುವೆ ತೋಡುತ್ತದೆ, ಬಣ್ಣ ಆ ಕಾಲುವೆಗೆ ಇಳಿದು ಕಪ್ಪು ಗೆರೆಯಾಗುತ್ತದೆ. ಮೃದುವಾದ ಸೀಸ ಉಜ್ಜಿಕೊಂಡು ಹಳದಿಯನ್ನು ಕೊಳಕು ಮಾಡುತ್ತದೆ. ಗೆರೆಗಳನ್ನು ಆದಷ್ಟು ಹಗುರವಾಗಿ ಎಳೆದು, ಬಣ್ಣ ಹಾಕುವ ಮುನ್ನ ಹಿಟ್ಟಿನಂಥ ಮೆತ್ತನೆಯ ರಬ್ಬರನ್ನು ಅವುಗಳ ಮೇಲೆ ಒತ್ತೊತ್ತಿ ಎತ್ತಿ, ಕಣ್ಣಿಗೆ ಕಂಡೂ ಕಾಣದಷ್ಟು ಉಳಿಸಿಕೊಳ್ಳಬೇಕು. ಬಣ್ಣದ ಪದರದಡಿ ಸಿಕ್ಕಿಬಿದ್ದ ಗೆರೆಯನ್ನು ಆಮೇಲೆ ಅಳಿಸುವುದು ಕಷ್ಟ.

ಚೌಕದೊಳಗೆ ಏನನ್ನು ಬರೆಯಬೇಕೆಂಬುದು ನಿಮಗೇ ಬಿಟ್ಟದ್ದು. ಆದರೂ ಆರಂಭಕ್ಕೆ ಒಂದು ಕಟ್ಟುಪಾಡು ಒಳ್ಳೆಯದು: 8 ಸೆಂ.ಮೀ. ಚೌಕವನ್ನು ನಾಲ್ಕು ನಾಲ್ಕರ ಹದಿನಾರು ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಗೂ ಕರ್ಣ ಅಥವಾ ಕಾಲು ವೃತ್ತ ಇವೆರಡರಲ್ಲಿ ಒಂದನ್ನು ಮಾತ್ರ ಎಳೆಯಿರಿ. ಇಷ್ಟರಲ್ಲೇ ಮುಗಿಯದಷ್ಟು ವಿನ್ಯಾಸಗಳಿವೆ. ಅಂತಿಮ ಕಾಗದಕ್ಕೆ ಹೋಗುವ ಮೊದಲು ಬೆಂಕಿಪೊಟ್ಟಣದಷ್ಟು ಅಗಲದ ಹತ್ತಿಪ್ಪತ್ತು ಕಚ್ಚಾ ಚಿತ್ರಗಳನ್ನು ಬರೆದು, ತಲೆಕೆಳಗಾಗಿಯೂ ನೋಡಿ, ಒಂದನ್ನು ಆರಿಸಿ.

ಗೆರೆಯೊಂದೇ ಎಷ್ಟು ಹೇಳಬಲ್ಲದು ಎಂದು ತಿಳಿಯಬೇಕಾದರೆ ಭಾರತೀಯ ಕಲಾವಿದೆ ನಸ್ರೀನ್ ಮೊಹಮ್ಮದಿಯವರ (1937–1990) ಕೃತಿಗಳನ್ನು ನೋಡಬೇಕು. ಕಾಗದದ ಮೇಲೆ ಶಾಯಿ ಮತ್ತು ಪೆನ್ಸಿಲಿನಲ್ಲಿ ಎಳೆದ ಅವರ ಗೆರೆಗಳಲ್ಲಿ ದಪ್ಪ ಸ್ವಲ್ಪವೇ ಬದಲಾದರೂ ಇಡೀ ಹಾಳೆ ವಾಲಿದಂತೆ ತೋರುತ್ತದೆ.

ಮೂರನೆಯ ಹೆಜ್ಜೆ: ಆಕಾರಗಳನ್ನು ತುಂಬುವುದು

ಇಲ್ಲಿ ಅವಸರ ಸಲ್ಲದು. ಜಲವರ್ಣದ ಹನಿಯೊಂದು ಒಣಗುವುದನ್ನು ಒಮ್ಮೆ ಸುಮ್ಮನೆ ಕೂತು ನೋಡಿ. ಹನಿಯ ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆಯನ್ನು ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ. ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಉಳಿಯುವ ಕಂದು ಉಂಗುರಕ್ಕೂ ಇದೇ ಕಾರಣ. ದೊಡ್ಡ ಆಕಾಶದ ವಾಶಿನಲ್ಲಿ ಈ ಕಪ್ಪಂಚು ಕಾಣುವುದೇ ಇಲ್ಲ. ಆದರೆ ಎರಡು ಸೆಂಟಿಮೀಟರಿನ ಮನೆಯಲ್ಲಿ ಅದು ಆಕಾರದ ಸುತ್ತ ಎಳೆದ ಗೆರೆಯಂತೆಯೇ ಎದ್ದು ನಿಲ್ಲುತ್ತದೆ. ಅದನ್ನು ಬೇಕೆಂದೇ ಉಳಿಸಿಕೊಳ್ಳುವ ಕಲಾವಿದರಿದ್ದಾರೆ. ಬೇಡವೆನಿಸಿದರೆ ನೀರು ಕಡಿಮೆ ಮಾಡಬೇಕು, ಕೊನೆಯಲ್ಲಿ ಉಳಿಯುವ ಹೆಚ್ಚುವರಿ ಹನಿಯನ್ನು ತಪ್ಪದೆ ಎತ್ತಬೇಕು.

ಕ್ರಮ ಹೀಗಿದೆ. ಬೇಕಾದ ಛಾಯೆಯನ್ನು ಬಟ್ಟಲಿನಲ್ಲಿ ಅಗತ್ಯಕ್ಕಿಂತ ಎರಡರಷ್ಟು ಕಲಸಿಟ್ಟುಕೊಳ್ಳಿ, ನಡುವೆ ಮುಗಿದರೆ ಅದೇ ಛಾಯೆ ಮತ್ತೆ ಸಿಗುವುದಿಲ್ಲ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ, ಅದೇ ಕಾಗದದ ತುಂಡಿನ ಮೇಲೆ ಬಳಿದು ಒಣಗಿಸಿ ನೋಡಿ. ಹಲಗೆಯನ್ನು ಪುಸ್ತಕವೊಂದರ ಮೇಲೆ ಒರಗಿಸಿ ನಿಮ್ಮತ್ತ ಸ್ವಲ್ಪ ಓರೆಯಾಗಿಸಿ. ಕುಂಚದ ತುಂಬ ಬಣ್ಣ ತೆಗೆದುಕೊಂಡು ಆಕಾರದ ಮೇಲಂಚಿನಿಂದ ಆರಂಭಿಸಿದರೆ, ಕೆಳಭಾಗದಲ್ಲಿ ಬಣ್ಣದ ಉಬ್ಬು ಹನಿಯೊಂದು ನಿಲ್ಲುತ್ತದೆ. ಆ ಹನಿಯನ್ನು ಒಡೆಯದೆ, ಒಣಗಗೊಡದೆ ಮೆಲ್ಲನೆ ಕೆಳಕ್ಕೆ ನಡೆಸಿಕೊಂಡು ಬರುವುದೇ ಸಮತಟ್ಟಾದ ವಾಶಿನ ಗುಟ್ಟು. ಕೆಳಂಚು ಮುಟ್ಟಿದ ಕೂಡಲೇ ಕುಂಚವನ್ನು ಬಟ್ಟೆಗೆ ಒರೆಸಿ, ತೇವವಷ್ಟೇ ಉಳಿದ ಅದರ ಮೊನೆಯನ್ನು ಹನಿಗೆ ತಾಗಿಸಿ. ಕುಂಚ ಅದನ್ನು ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಆ ಆಕಾರವನ್ನು ಮುಟ್ಟಬಾರದು. ಅರೆ ಒಣಗಿದ ಬಣ್ಣಕ್ಕೆ ಮತ್ತೆ ನೀರು ತಾಗಿದರೆ, ಆ ನೀರು ಕಣಗಳನ್ನು ಹೊರಕ್ಕೆ ತಳ್ಳಿ ಹೂಕೋಸಿನ ಆಕಾರದ ಕಲೆ ಬರಿಸುತ್ತದೆ. ಕಲೆ ಬಿದ್ದದ್ದೇ ಆದರೆ ಪೂರ್ತಿ ಒಣಗುವವರೆಗೆ ಕೈ ಕಟ್ಟಿ ಕೂರುವುದೇ ಮದ್ದು, ತಿದ್ದಲು ಹೋದಷ್ಟೂ ಅದು ಬೆಳೆಯುತ್ತದೆ.

ಅಂಚು ನೇರವಾಗಿ ಬರಲು ಮಾಸ್ಕಿಂಗ್ ಟೇಪನ್ನು ನೆಚ್ಚಿಕೊಳ್ಳುವವರಿದ್ದಾರೆ. ಚಿತ್ರದ ಹೊರ ಅಂಚಿಗೆ ಅದು ಸರಿ, ಒಳಗಿನ ಮನೆಗಳಿಗೆ ಬೇಡ. ಟೇಪಿನಡಿ ಬಣ್ಣ ನುಸುಳಬಹುದು, ಒಣಗಿದ ಬಣ್ಣದ ಮೇಲೆ ಅಂಟಿಸಿದ ಟೇಪು ಕಿತ್ತುಬರುವಾಗ ಕಾಗದದ ಮೇಲ್ಪದರವನ್ನೇ ತಂದೀತು. ಬದಲಿಗೆ ಪಕ್ಕಪಕ್ಕದ ಎರಡು ಮನೆಗಳ ನಡುವೆ ಒಂದು ಮಿಲಿಮೀಟರಿನಷ್ಟು ಒಣ ಕಾಗದವನ್ನು ಹಾಗೆಯೇ ಬಿಡಿ. ಒಣ ಕಾಗದವನ್ನು ದಾಟಿ ನೀರು ಹೋಗುವುದಿಲ್ಲ, ಆದ್ದರಿಂದ ಒಂದು ಮನೆ ಒದ್ದೆಯಿದ್ದಾಗಲೇ ಪಕ್ಕದ್ದನ್ನೂ ತುಂಬಬಹುದು. ಈ ಬಿಳಿಗೆರೆ ಬರೀ ಉಪಾಯವಲ್ಲ. ಸಣ್ಣ ಚಿತ್ರಕ್ಕೆ ಉಸಿರು ಕೊಡುವುದೇ ಅದು, ಮುಂದೆ ಶಿಲ್ಪಕ್ಕೂ ಬೇಕಾಗುತ್ತದೆ. ಕೈ ನಡುಗುವವರು ಕಿರುಬೆರಳನ್ನು ಕಾಗದಕ್ಕೆ ಊರಿ, ಬೆರಳುಗಳ ಬದಲು ಮೊಳಕೈಯಿಂದ ಕುಂಚವನ್ನು ಎಳೆಯಲಿ. ಅಂಚನ್ನು ತಳ್ಳುವುದಕ್ಕಿಂತ ತಮ್ಮತ್ತ ಎಳೆಯುವುದು ಸುಲಭ. ಹೊರ ಅಂಚಿನ ಟೇಪನ್ನು ಬಿಚ್ಚುವಾಗ ಕಾಗದ ಪೂರ್ತಿ ಒಣಗಿರಬೇಕು, ಟೇಪನ್ನು ಹಿಂದಕ್ಕೆ ಮಡಚಿ ಚಿತ್ರದಿಂದ ಆಚೆಗೆ ನಿಧಾನವಾಗಿ ಎಳೆಯಬೇಕು.

ನಾಲ್ಕನೆಯ ಹೆಜ್ಜೆ: ಪದರಗಳು

ಚಿತ್ರಕಾರ ಪೌಲ್ ಕ್ಲೇ 1914ರ ಏಪ್ರಿಲ್‌ನಲ್ಲಿ ಸಹ ಚಿತ್ರಕಾರರಾದ ಆಗಸ್ಟ್ ಮಾಕೆ ಮತ್ತು ಲೂಯಿ ಮುವಾಲಿಯೆಯವರೊಡನೆ ಟುನೀಷಿಯಾಕ್ಕೆ ಹೋಗಿಬಂದ ಮೇಲೆ ಅವರ ಜಲವರ್ಣಗಳಲ್ಲಿ ಊರು, ತೋಟ, ಗುಮ್ಮಟಗಳು ಬಣ್ಣದ ಚೌಕಗಳಾಗಿ ಕರಗತೊಡಗಿದವು. 1921ರಿಂದ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಹೇಳತೊಡಗಿದ ಅವರು, ಆ ಕಾಲದ ಹಲವು ಜಲವರ್ಣಗಳಲ್ಲಿ ತೆಳು ಪದರಗಳನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ ಕತ್ತಲಿನಿಂದ ಬೆಳಕಿಗೆ ಸಾಗುವ ಆಕಾರಗಳನ್ನು ಬರೆದರು. ಆ ವಿಧಾನವನ್ನು ಎರಡನೆಯ ಚಿತ್ರದಲ್ಲಿ ಅಭ್ಯಾಸ ಮಾಡೋಣ.

8 ಸೆಂ.ಮೀ. ಉದ್ದದ ಪಟ್ಟಿಯನ್ನು ಎಂಟು ಮನೆ ಮಾಡಿ. ಬಹಳ ತೆಳುವಾದ ಒಂದೇ ಬಣ್ಣವನ್ನು ಕಲಸಿ ಎಂಟೂ ಮನೆಗಳಿಗೆ ಹಾಕಿ. ಪೂರ್ತಿ ಒಣಗಿದ ಮೇಲೆ ಮೊದಲನೆಯದನ್ನು ಬಿಟ್ಟು ಉಳಿದ ಏಳಕ್ಕೆ ಅದೇ ಬಣ್ಣವನ್ನು ಇನ್ನೊಮ್ಮೆ ಹಾಕಿ; ಮತ್ತೆ ಒಣಗಿಸಿ ಆರಕ್ಕೆ, ಹೀಗೆ ಕೊನೆಯ ಮನೆಗೆ ಎಂಟು ಪದರ ಬರುವವರೆಗೆ. ಒಣಗಿದೆಯೋ ಇಲ್ಲವೋ ಎಂದು ಬೆರಳ ಬೆನ್ನಿನಿಂದ ಮುಟ್ಟಿ ನೋಡಿ, ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಮುಗಿದ ಮೇಲೆ ಗಮನಿಸಿದರೆ, ಮೊದಲ ಎರಡು ಮನೆಗಳ ನಡುವಿನ ಅಂತರ ಎದ್ದು ಕಾಣುತ್ತದೆ, ಏಳು ಮತ್ತು ಎಂಟರ ನಡುವೆ ಅಷ್ಟಾಗಿ ಕಾಣುವುದಿಲ್ಲ. ಸಮನಾದ ಮೆಟ್ಟಿಲು ಬೇಕಾದರೆ ಕೊನೆಕೊನೆಯ ಪದರಗಳನ್ನು ಗಾಢಗೊಳಿಸುತ್ತ ಹೋಗಬೇಕು.

ಬಣ್ಣದ ಆಯ್ಕೆಗೆ ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ ಪಾಠ ಸಾಕು. 1950ರಿಂದ 1976ರಲ್ಲಿ ತೀರಿಕೊಳ್ಳುವವರೆಗೂ ಅವರು ಚೌಕದೊಳಗೆ ಚೌಕವನ್ನಿಟ್ಟು ಒಂದೇ ಸರಣಿಯನ್ನು ಬರೆಯುತ್ತಲೇ ಇದ್ದರು. ಒಂದು ಬಣ್ಣ ಪಕ್ಕದ ಬಣ್ಣದಿಂದಾಗಿ ಹೇಗೆ ಬೇರೆಯದಾಗಿ ತೋರುತ್ತದೆ ಎಂಬುದೇ ಅವರ ಹುಡುಕಾಟವಾಗಿತ್ತು. ನೀವೂ ಒಂದೇ ಬೂದುಬಣ್ಣದ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ಹಳದಿಯ ಮೇಲೂ ಇನ್ನೊಂದನ್ನು ಕಡುನೀಲಿಯ ಮೇಲೂ ಇಟ್ಟು ನೋಡಿ. ಬಣ್ಣದ ಬಟ್ಟಲಿನಲ್ಲಿ ಚೆನ್ನಾಗಿ ಕಂಡದ್ದು ಚಿತ್ರದಲ್ಲಿ ಏಕೆ ಕೆಟ್ಟಿತೆಂದು ಆಗ ತಿಳಿಯುತ್ತದೆ.

ಐದನೆಯ ಹೆಜ್ಜೆ: ಚಿತ್ರದಿಂದ ಘನಾಕಾರಕ್ಕೆ

ನಾಲ್ಕು ಚಿತ್ರಗಳಲ್ಲಿ ಒಂದನ್ನು ಆರಿಸಿ, ಅದರ ಎರಡು ಅಥವಾ ಮೂರು ಆಕಾರಗಳನ್ನಷ್ಟೇ ತೆಗೆದುಕೊಳ್ಳಿ. ಚಿತ್ರದ ಚೌಕಕ್ಕೆ ದಪ್ಪವಿಲ್ಲ, ಶಿಲ್ಪದ ಚೌಕಕ್ಕೆ ದಪ್ಪ ಇರಲೇಬೇಕು. ಆ ದಪ್ಪವನ್ನು ಮನಸ್ಸಿಗೆ ತೋಚಿದಂತೆ ಇಡದೆ, ಚಿತ್ರದಲ್ಲಿ ಈಗಾಗಲೇ ಇರುವ ಒಂದು ಅಳತೆಯಿಂದ ಎರವಲು ಪಡೆಯಿರಿ. ಕಿರಿದಾದ ಪಟ್ಟಿಯ ಅಗಲವೋ ಬಿಳಿಗೆರೆಯ ಎರಡರಷ್ಟೋ ಆಗಬಹುದು. ಚಿತ್ರದಲ್ಲಿ ಎರಡು ಪಾರದರ್ಶಕ ಆಕಾರಗಳು ಒಂದರ ಮೇಲೊಂದು ಹಾಯ್ದಿದ್ದರೆ, ಮರದಲ್ಲಿ ಅದು ಎರಡು ಹಲಗೆಗಳಿಗೂ ಅರ್ಧರ್ಧ ಸೀಳು ಕೊಟ್ಟು ಒಂದರೊಳಗೊಂದು ಕೂರಿಸುವ ಜೋಡಣೆಯಾಗುತ್ತದೆ. ಮನೆಗಳ ನಡುವಿನ ಬಿಳಿಗೆರೆ ಗಾಳಿಯಾಗುತ್ತದೆ: ಎರಡು ತುಂಡುಗಳನ್ನು ಅಂಟಿಸದೆ, ನಡುವೆ ಹಿತ್ತಾಳೆ ತಂತಿಯ ತುಣುಕಿಟ್ಟು, ಒಂದು ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಆ ಸಂದಿನಿಂದ ಬೆಳಕು ಹಾಯುತ್ತದೆ.

ಮೊದಲು ಎಲ್ಲವನ್ನೂ ದಪ್ಪ ರಟ್ಟಿನಲ್ಲಿ ಮಾಡಿ ನೋಡುವುದು ಕಡ್ಡಾಯ. ಕಾಗದದ ಮೇಲೆ ಸ್ಥಿರವಾಗಿ ಕಂಡ ತ್ರಿಭುಜ ಮೇಜಿನ ಮೇಲೆ ಮುಗ್ಗರಿಸುವುದು ಆಗಲೇ ಗೊತ್ತಾಗುವುದು.

ಮರವನ್ನು ಬಳಸುವುದಾದರೆ ಎಳೆ ಒತ್ತಾಗಿರುವ, ಗಂಟಿಲ್ಲದ ಮರವನ್ನು ಆರಿಸಿ. ಲಿಂಡೆನ್ ಜಾತಿಯ ಬಾಸ್‌ವುಡ್ ಇದಕ್ಕೆ ಒಗ್ಗುತ್ತದೆ. ಬಾಲ್ಸಾ ಕತ್ತರಿಸಲು ಸುಲಭವಾದರೂ ಅಂಚು ಉಗುರು ತಾಗಿದರೂ ತಗ್ಗುತ್ತದೆ. ಒಂದೂಕಾಲು ಸೆಂಟಿಮೀಟರಿನ ಘನವನ್ನು ಬೆರಳುಗಳಲ್ಲಿ ಹಿಡಿದು ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಆರು ಮುಖಗಳೂ ಉಬ್ಬಿ, ಕೊನೆಗೆ ಸವೆದ ದಾಳ ಕೈಗೆ ಬರುತ್ತದೆ. ನಾನು ಹೀಗೆ ಹಾಳು ಮಾಡಿದ ಘನಗಳು ಒಂದು ಡಬ್ಬಿ ತುಂಬ ಇವೆ. ಸರಿಯಾದ ದಾರಿಯೆಂದರೆ, ಅದೇ ದಪ್ಪದ ಒಂದು ಗೇಣುದ್ದದ ಪಟ್ಟಿಯನ್ನು ತೆಗೆದುಕೊಂಡು, ಅದು ಉದ್ದವಾಗಿದ್ದಾಗಲೇ ನಾಲ್ಕೂ ಮುಖಗಳನ್ನು ನಯಗೊಳಿಸಿ, ಮೂಲೆಮಟ್ಟ ಇಟ್ಟು ಪರೀಕ್ಷಿಸಿ, ಆಮೇಲೆ ಮೈಟರ್ ಬಾಕ್ಸಿನಲ್ಲಿಟ್ಟು (ಗರಗಸ ನೇರವಾಗಿ ಸಾಗಲು ಸೀಳುಗಳಿರುವ ಪೆಟ್ಟಿಗೆ) ಸಣ್ಣ ಹಲ್ಲಿನ ಗರಗಸದಿಂದ ತುಂಡು ಮಾಡುವುದು. ಗರಗಸ ತಿನ್ನುವ ದಪ್ಪಕ್ಕೂ ಉಜ್ಜುವುದಕ್ಕೂ ಸೇರಿಸಿ ಪ್ರತಿ ತುಂಡಿಗೆ ಅರ್ಧ ಮಿಲಿಮೀಟರಿಗೂ ಸ್ವಲ್ಪ ಹೆಚ್ಚೇ ಬಿಡಿ. ಕತ್ತರಿಸಿದ ಎರಡು ಮುಖಗಳಿಗಾಗಿ, ಸ್ಯಾಂಡ್‌ಪೇಪರನ್ನು ದಪ್ಪ ಗಾಜಿನ ಹಲಗೆಗೆ ಅಂಟಿಸಿ, ಚೌಕಾಕಾರದ ದೊಡ್ಡ ಮರದ ತುಂಡೊಂದಕ್ಕೆ ಘನವನ್ನು ಒತ್ತಿ ಹಿಡಿದು, ಎರಡನ್ನೂ ಒಟ್ಟಿಗೆ ಉಜ್ಜಿ. ದೊಡ್ಡ ತುಂಡು ಚಿಕ್ಕದನ್ನು ಓಲಾಡಲು ಬಿಡುವುದಿಲ್ಲ. 180ರ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 240, 400ಕ್ಕೆ ಸಾಗಿ. ಮುಖಕ್ಕೆ ಮಾಸ್ಕ್ ಇರಲಿ. ಕಟ್ಟರಿನ ಬ್ಲೇಡನ್ನು ಆಗಾಗ ಬದಲಿಸಿ, ಮೊಂಡಾದ ಬ್ಲೇಡಿಗೆ ಹೆಚ್ಚು ಒತ್ತಡ ಹಾಕಬೇಕಾಗುವುದರಿಂದ ಜಾರುವುದೂ ಅದೇ.

ಜೋಡಿಸುವಾಗ ಅಂಟೊಂದನ್ನೇ ನಂಬಬೇಡಿ. ಎರಡೂ ತುಂಡುಗಳಿಗೆ ಒಂದು ಮಿಲಿಮೀಟರಿನ ರಂಧ್ರ ಕೊರೆದು ಹಿತ್ತಾಳೆ ತಂತಿಯ ಗೂಟ ಕೂರಿಸಿದರೆ ಜಾರದು. ಮರದ ಅಂಟನ್ನು ಟೂತ್‌ಪಿಕ್ ಮೊನೆಯಷ್ಟೇ ಹಚ್ಚಿ. ಹೊರಚೆಲ್ಲಿದ ಅಂಟು ಒಣಗಿದ ಜಾಗದಲ್ಲಿ ಮುಂದೆ ಬಣ್ಣ ಹಿಡಿಯುವುದಿಲ್ಲ. ಒಣಗುವವರೆಗೆ ಬಿಗಿಹಿಡಿಯಲು ಮಾಸ್ಕಿಂಗ್ ಟೇಪು ಸಾಕು.

ಮರ ಒಗ್ಗದವರು ಪಾಲಿಮರ್ ಕ್ಲೇ (ಬಿಸಿಮಾಡಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಬಳಸಬಹುದು. ಅದನ್ನು ಪೊಟ್ಟಣದ ಮೇಲೆ ಹೇಳಿರುವ ಉಷ್ಣತೆಯಲ್ಲೇ ಸುಡಬೇಕು. ಹಸಿಯಿದ್ದಾಗ ಅಂಚು ಚೂಪಾಗಿ ಬಾರದು, ಆದ್ದರಿಂದ ಸುಟ್ಟ ಮೇಲೆ ನೀರು ಹಾಕಿ ಉಜ್ಜಿ ಅಂಚು ತರಬೇಕು.

ಆರನೆಯ ಹೆಜ್ಜೆ: ಶಿಲ್ಪಕ್ಕೆ ಬಣ್ಣ

ಬರಿಮರಕ್ಕೆ ಜಲವರ್ಣ ಹಚ್ಚಿದರೆ ಅದು ಎಳೆಗುಂಟ ಹರಿದು ಅಂಚು ದಾಟುತ್ತದೆ. ಬಣ್ಣದಡಿ ಹಚ್ಚುವ ಬಿಳಿ ಲೇಪವಾದ ಜೆಸ್ಸೊವನ್ನು ಹಾಲಿನಷ್ಟು ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಸಲವೂ ಒಣಗಿಸಿ 400ರ ಕಾಗದದಿಂದ ಉಜ್ಜಿದರೆ ಮೇಲ್ಮೈ ಮೊಟ್ಟೆಯ ಚಿಪ್ಪಿನಂತಾಗುತ್ತದೆ. ಒಮ್ಮೆಗೇ ದಪ್ಪ ಬಳಿದರೆ ಮೂಲೆಗಳು ದುಂಡಾಗಿ, ಉಜ್ಜಿ ಪಡೆದ ಅಂಚೆಲ್ಲ ಮುಚ್ಚಿಹೋಗುತ್ತದೆ. ಮೇಲೆ ಗೌಷ್ ಅಥವಾ ಮ್ಯಾಟ್ ಅಕ್ರಿಲಿಕ್ ಹಚ್ಚಿ. ಹೊಳಪು ಬೇಡ, ಹೊಳೆಯುವ ಮೇಲ್ಮೈಯಲ್ಲಿ ದೀಪದ ಪ್ರತಿಬಿಂಬವೇ ಶಿಲ್ಪಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಲ್ಲ ಮುಖಗಳಿಗೂ ಬಣ್ಣ ಬೇಕೆಂದಿಲ್ಲ. ಬೆಳಕು ಬೀಳುವ ಮುಖ ಮತ್ತು ನೆರಳಿನ ಮುಖ ಒಂದೇ ಬಣ್ಣದ ಎರಡು ಛಾಯೆಗಳಾಗಿ ಆಗಲೇ ಒಡೆದುಕೊಂಡಿರುತ್ತವೆ. ಸಂದಿನ ಒಳಮುಖಕ್ಕೆ ಮಾತ್ರ ಗಾಢ ಕೆಂಪು ಹಚ್ಚಿದರೆ, ಅದು ಎದುರಿನ ಬಿಳಿ ಮುಖದ ಮೇಲೆ ಪ್ರತಿಫಲಿಸಿ, ಬಣ್ಣ ಹಚ್ಚದ ಜಾಗದಲ್ಲೂ ನಸುಗೆಂಪು ಮೂಡುವುದನ್ನು ನೋಡಬಹುದು.

ಕೊನೆಯ ಹೆಜ್ಜೆ: ಪೀಠ ಮತ್ತು ಚೌಕಟ್ಟು

ಸ್ವಿಸ್ ಶಿಲ್ಪಿ ಆಲ್ಬರ್ಟೊ ಜಕೊಮೆಟ್ಟಿ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮಾಡಿದ ಶಿಲ್ಪಗಳು ಕಿರಿದಾಗುತ್ತ ಹೋಗಿ ಕೆಲವು ಬೆರಳಿಗಿಂತ ಚಿಕ್ಕವಾದವು. 1945ರಲ್ಲಿ ಪ್ಯಾರಿಸಿಗೆ ಮರಳುವಾಗ ಅವುಗಳನ್ನು ಬೆಂಕಿಪೊಟ್ಟಣಗಳಲ್ಲಿ ಹಾಕಿಕೊಂಡು ಬಂದರೆಂಬ ಕಥೆ ಪ್ರಸಿದ್ಧವಾಗಿದೆ. ಆ ಕಿರುಮೂರ್ತಿಗಳಿಗೆ ಅವರು ಕೊಟ್ಟ ಪೀಠಗಳು ಹಲವೆಡೆ ಮೂರ್ತಿಗಿಂತ ಎಷ್ಟೋ ದೊಡ್ಡವು. ಅದರಿಂದ ಮೂರ್ತಿ ಚಿಕ್ಕದೆನಿಸದೆ ದೂರದಲ್ಲಿ ನಿಂತಂತೆ ತೋರುತ್ತದೆ. ನಿಮ್ಮ ಶಿಲ್ಪವನ್ನೂ ಅದೇ ಅಗಲದ ಪೀಠದ ಮೇಲೊಮ್ಮೆ, ನಾಲ್ಕರಷ್ಟು ಅಗಲದ ಹಲಗೆಯ ಮೇಲೊಮ್ಮೆ, ನಡುವಿನಲ್ಲೊಮ್ಮೆ, ಮೂಲೆಯಲ್ಲೊಮ್ಮೆ ಇಟ್ಟು ನೋಡಿದ ಬಳಿಕವೇ ಗೂಟ ಹಾಕಿ.

ಚಿತ್ರದ ಸುತ್ತಲೂ ಇದೇ ರೀತಿ ತೆರವು ಬೇಕು. 10 ಸೆಂ.ಮೀ. ಚಿತ್ರಕ್ಕೆ ಪ್ರತಿ ಬದಿಗೂ 6–7 ಸೆಂ.ಮೀ. ಅಗಲದ, ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ. ಚಿತ್ರವನ್ನು ಬೋರ್ಡಿಗೆ ಇಡಿಯಾಗಿ ಅಂಟಿಸದೆ, ಮೇಲಂಚಿನಲ್ಲಿ ಮಾತ್ರ ತೆಳು ಜಪಾನಿ ಕಾಗದದ ಎರಡು ಪಟ್ಟಿಗಳಿಂದ, ಗೋಧಿ ಪಿಷ್ಟದ ಅಂಟಿನಲ್ಲಿ ತೂಗುಬಿಟ್ಟರೆ ಕಾಗದ ಹಿಗ್ಗಿ ಕುಗ್ಗಲು ಎಡೆಯಿರುತ್ತದೆ, ಬೇಕಾದಾಗ ಬಿಡಿಸಲೂ ಬರುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು. ಜಲವರ್ಣಗಳನ್ನು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಡುತ್ತವೆ. ನಮಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಾಗದಿದ್ದರೂ ಬಿಸಿಲು ಬೀಳುವ ಗೋಡೆಯನ್ನು ತಪ್ಪಿಸಬಹುದು. ಶಿಲ್ಪಕ್ಕೆ ಮಾತ್ರ ಬೆಳಕು ಬೇಕು: ಒಂದೇ ದೀಪ, ಒಂದು ಪಕ್ಕದಿಂದ, ಮೇಜಿನ ಮಟ್ಟಕ್ಕಿಂತ ತುಸುವೇ ಮೇಲೆ. ಶಿಲ್ಪದ ಎತ್ತರದ ಎರಡು ಮೂರರಷ್ಟು ಉದ್ದದ ನೆರಳು ಪೀಠದ ಮೇಲೆ ಚಾಚಿಕೊಳ್ಳುವವರೆಗೆ ದೀಪವನ್ನು ಇಳಿಸಿ, ಸಂದಿನಿಂದ ಹಾದ ಬೆಳಕಿನ ಎಳೆ ಆ ನೆರಳಿನ ನಡುವೆ ಸೀಳಿಕೊಂಡು ಬಿದ್ದ ಜಾಗದಲ್ಲಿ ದೀಪವನ್ನು ನಿಲ್ಲಿಸಿ.